ಕಲ್ಲುಕಂಬದ ಬೇಲಿ ಹಾಕಿಸುವವರೇ, ಟೇಪು ನಿಮ್ಮ ಕೈಯಲ್ಲೇ ಇರಲಿ

ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ. 30 ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ನಾನು. ಕಳೆಯುವ ಲೆಕ್ಕದಲ್ಲೇ ಮೋಸ ಹೋದೆ.

ಶಿರಾ ಕಡೆ ನಮ್ಮದು 2 ಎಕರೆ. ಸುತ್ತ 8 ಅಡಿಗೊಂದರಂತೆ 150 ಕಲ್ಲು, ಐದೆಳೆ ಮುಳ್ಳುತಂತಿ. ಬೇಲಿ ಕೆಲಸ ಗುತ್ತಿಗೆ ಹಿಡಿದವನ ಜೊತೆ ಮಾತಾಗಿದ್ದು 7 ಅಡಿ ಕಲ್ಲು, 2 ಅಡಿ ಗುಂಡಿ, ಮೂಲೆ ಕಲ್ಲಿಗೆ ಬುಡದಿಂದ ಕಾಂಕ್ರೀಟು, ಓರೆಯಾಗಿ ಸಪೋರ್ಟ್ ಕಲ್ಲು. ನಾನಿರೋದು ತುಮಕೂರಲ್ಲಿ. ಭಾನುವಾರ ಹೋಗಿ ನೋಡಿದರೆ ದಾರ ಕಟ್ಟಿದ ಹಾಗೆ ನೇರ ಸಾಲು. ಖುಷಿಯಾಯಿತು. ಆತನೇ ಟೇಪು ಹಿಡಿದ. "ನೋಡಿ ಮೇಷ್ಟ್ರೇ, ಮೇಲೆ ಐದಡಿ. ಕಲ್ಲು ಏಳಡಿ. ಒಳಗೆ ಎಷ್ಟು, ನೀವೇ ಹೇಳಿ." ನಾನು "ಎರಡು" ಅಂದೆ. ಮುಂದಿನ ಬೆಂಚಿನ ಹುಡುಗನ ಥರ! ಅಲ್ಲೇ ಪೂರ್ತಿ ದುಡ್ಡು ಎಣಿಸಿ ಕೊಟ್ಟೆ.

ಮೊದಲ ಮಳೆ ಬಿತ್ತು. ಪಕ್ಕದವರ ಹಸು ಮೈ ಉಜ್ಜಿತು ಅಷ್ಟೆ, ಕಲ್ಲು ಬುಡಸಮೇತ ಮಲಗಿತು. ತಂತಿ ಜಗ್ಗಿ ಅಕ್ಕಪಕ್ಕದವೂ ವಾಲಿದವು. ಅಳೆದೆ. ಮಣ್ಣಲ್ಲಿದ್ದದ್ದು ಒಂದಡಿ. ಇಡೀ ಕಲ್ಲು ಆರಡಿ. ಏಳಲ್ಲ, ಆರು! ಮೂಲೆ ಕಲ್ಲಿನ ಬುಡ ಹಾರೆಯಲ್ಲಿ ಕೆದಕಿದೆ. ಕಾಂಕ್ರೀಟು ನಾಲ್ಕು ಬೆರಳು, ಮೇಲೆ ಚೆಂದಕ್ಕೆ ಬಳಿದದ್ದು. ಕೆಳಗೆ ಸಡಿಲ ಮಣ್ಣು, ಗುದ್ದೇ ಇಲ್ಲ. ತಂತಿಯ ಬಿಗಿಯೆಲ್ಲ ಮೂಲೆ ಕಲ್ಲಿನ ಮೇಲೇ ಬೀಳೋದು. ಅದು ಒಳಕ್ಕೆ ವಾಲದೆ ಇನ್ನೇನಾಗುತ್ತೆ?

ಫೋನ್ ಮಾಡಿದರೆ, "ಮಳೆಗೆ ಮೆತ್ತಗಾಗಿದೆ, ಒಣಗಿದ ಮೇಲೆ ಹಿಡ್ಕೊಳ್ಳುತ್ತೆ." ಬಿದ್ದಿರೋ ಕಲ್ಲು ಹೇಗಪ್ಪಾ ಹಿಡ್ಕೊಳ್ಳುತ್ತೆ? "ಹಸು ಬಿಟ್ಟೋರನ್ನ ಕೇಳಿ." ಹಸು ಬರದಿರಲಿ ಅಂತ ತಾನೇ ಬೇಲಿ ಹಾಕಿಸಿದ್ದು! ಆರಡಿ ಮಾತೆತ್ತಿದೆ. "ಕ್ವಾರಿಯವರು ಏಳಡಿ ಅಂತಲೇ ಕೊಡೋದು ಸಾರ್, ಆರು, ಆರೂವರೆ ಬರುತ್ತೆ." ಅಷ್ಟರಲ್ಲಿ ಮೇಷ್ಟ್ರು ಹೋಗಿ ಸಾರ್ ಆಗಿದ್ದೆ. ಕೊನೆಗೆ, "ನೀವೇ ಲೆಕ್ಕ ಮಾಡಿ ಒಪ್ಕೊಂಡ್ರಲ್ಲ?" ಈ ಮಾತು ಈಗಲೂ ಚುಚ್ಚುತ್ತಿದೆ. ಆಮೇಲೆ ಫೋನೇ ಎತ್ತಲಿಲ್ಲ.

ಕಲ್ಲು ಟ್ರ್ಯಾಕ್ಟರಿಂದ ಇಳಿದು ನೆಲದ ಮೇಲೆ ಮಲಗಿದ್ದಾಗಲೇ ಅಳೆಯಿರಿ. ಗುಂಡಿ ಖಾಲಿ ಇರುವಾಗ ಕೋಲು ಇಳಿಬಿಟ್ಟು ನೋಡಿ. ನಿಂತ ಕಲ್ಲು ಅಳೆದರೆ ಏನೂ ಗೊತ್ತಾಗಲ್ಲ, ನನ್ನ ಥರ "ಎರಡು" ಅನ್ನುತ್ತೀರಿ ಅಷ್ಟೆ. ಮಣ್ಣು ಸ್ವಲ್ಪ ಸ್ವಲ್ಪ ಹಾಕಿಸಿ ಹಾರೆಯಲ್ಲಿ ಗುದ್ದಿಸಿ. ಒಂದು ಮಳೆ ಬೀಳುವ ತನಕ ಪೂರ್ತಿ ದುಡ್ಡು ಕೊಡಲೇಬೇಡಿ.

23 ಕಲ್ಲು ಮಲಗಿವೆ. ಬೇರೆಯವರನ್ನು ಕರೆದು ಎಲ್ಲ ಕೀಳಿಸುತ್ತಿದ್ದೇನೆ. ಇದೇ ಕಲ್ಲನ್ನು ಎರಡಡಿ ಇಳಿಸಿದರೆ ಮೇಲೆ ಉಳಿಯೋದು ನಾಲ್ಕೇ ಅಡಿ. ಹಸು ಆಚೆಯಿಂದಲೇ ಕತ್ತು ಚಾಚಿ ನಮ್ಮ ಅವರೆ ಮೇಯುತ್ತೆ.