ಕೊಟ್ಟಿಗೆಹಾರದ ನೀರುದೋಸೆಗೆ ನಿಲ್ಲುವ ಮುನ್ನ

ಚಾರ್ಮಾಡಿ ಘಾಟಿ ಹತ್ತಿ ಬಂದವರಿಗೆ ಮೊದಲು ಕಾಣುವ ಪೇಟೆ ಕೊಟ್ಟಿಗೆಹಾರ. ಹಾಸನ, ಬೇಲೂರು ಕಡೆಯಿಂದ ಹೋಗುವವರಿಗೆ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಮೂಡಿಗೆರೆ, ಬಣಕಲ್ ದಾಟಿದ ಮೇಲೆ ಘಾಟಿ ಇಳಿಯುವ ಮುಂಚಿನ ಕೊನೆಯ ನಿಲ್ದಾಣ. ಕಳಸ, ಹೊರನಾಡಿನ ದಾರಿಯೂ ಇಲ್ಲೇ ಕವಲೊಡೆಯುತ್ತದೆ. ಧರ್ಮಸ್ಥಳಕ್ಕೆ ಹೊರಟ ಕಾರು, ಮಂಗಳೂರಿನ ಬಸ್ಸು ಎಲ್ಲವೂ ಈ ಪುಟ್ಟ ಊರಿನ ಹೋಟೆಲ್‌ಗಳ ಮುಂದೆ ನಿಲ್ಲುವುದು ನೀರುದೋಸೆಗೆ.

ನೀರುದೋಸೆ ಹುಟ್ಟಾ ಕರಾವಳಿಯದು, ಘಾಟಿ ಹತ್ತಿ ಮೇಲೆ ಬಂದದ್ದು. ಕಡುಬು, ಉಬ್ಬುರೊಟ್ಟಿ ಮಲೆನಾಡಿನವು. ಎರಡೂ ಸೇರುವ ಜಾಗ ಇದಾದ್ದರಿಂದ ಇಲ್ಲಿನ ಹೋಟೆಲ್ ಊಟವನ್ನು ಅಳೆಯಲು ಅಕ್ಕಿಯೊಂದೇ ಸಾಕು. ಪಟ್ಟಿಯಲ್ಲಿ ನೂಡಲ್ಸ್, ಗೋಬಿ ಎಲ್ಲ ಇರುತ್ತವೆ. ಅವು ಎಲ್ಲ ಕಡೆ ಸಿಗುತ್ತವೆ, ಇಲ್ಲಿ ಬಿಡಿ.

ನೀರುದೋಸೆಗೆ ಬೇಕಾದ್ದು ಅಕ್ಕಿ, ನೀರು, ಉಪ್ಪು. ಕೆಲವರು ಒಂದು ಹಿಡಿ ಕಾಯಿತುರಿ ಸೇರಿಸುತ್ತಾರೆ. ಬೆಳ್ತಿಗೆ ಅಕ್ಕಿಯನ್ನು (ಕುಸುಬಲು ಅಲ್ಲದ್ದು) ನಾಲ್ಕೈದು ಗಂಟೆ ನೆನೆಸಿ, ಬೆರಳಲ್ಲಿ ಉಜ್ಜಿದರೆ ತರಿ ಸಿಗದಷ್ಟು ನುಣ್ಣಗೆ ರುಬ್ಬಿ, ಹಾಲಿನಷ್ಟು ತೆಳ್ಳಗೆ ಮಾಡಬೇಕು. ಹುಳಿ ಬರಿಸುವ ಮಾತಿಲ್ಲ. ಉದ್ದು ಇಲ್ಲ, ಸೋಡಾ ಇಲ್ಲ. ಹಾಗಾಗಿ ತಪ್ಪನ್ನು ಮುಚ್ಚಲು ಅದರಲ್ಲಿ ಏನೂ ಇಲ್ಲ, ಅಕ್ಕಿ ಮುಗ್ಗಲಾಗಿದ್ದರೆ ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ.

ಅಡುಗೆಮನೆ ಕಣ್ಣಿಗೆ ಬೀಳುವ ಕಡೆ ಕೂತರೆ ಎರಡು ವಿಷಯ ನೋಡಿ. ಒಂದು, ಕಾವಲಿ. ಅದು ಚೆನ್ನಾಗಿ ಕಾದಿರಬೇಕು, ಹಿಟ್ಟು ಬಿದ್ದ ಕೂಡಲೇ ಚುಂಯ್ ಎಂದು ಕಣ್ಣುಕಣ್ಣಾಗಿ ತೂತು ಬೀಳಬೇಕು. ಹಿಟ್ಟನ್ನು ಸೌಟಿನಲ್ಲಿ ಎರಚಿ ಹೊಯ್ಯುತ್ತಾರೆ, ಮಸಾಲೆದೋಸೆಯ ಹಾಗೆ ಸೌಟಿನಿಂದ ತೀಡುವುದಿಲ್ಲ. ಮುಚ್ಚಳ ಮುಚ್ಚಿ ಒಂದು ನಿಮಿಷ, ಅಷ್ಟೇ. ಮಗುಚುವುದಿಲ್ಲ. ಅಂಚು ತಾನಾಗಿ ಎದ್ದಾಗ ಮಡಚಿ ತೆಗೆಯುತ್ತಾರೆ. ಕೆಂಪು ಕಲೆ ಬಿದ್ದಿದ್ದರೆ ಹೊತ್ತು ಮೀರಿದೆ ಎಂದರ್ಥ, ಅಂಥ ದೋಸೆ ಆರಿದ ಮೇಲೆ ಹಪ್ಪಳದಂತೆ ಗಡುಸಾಗುತ್ತದೆ.

ಎರಡನೆಯದು ಹೆಚ್ಚು ಮುಖ್ಯ: ಸೌಟು ಅದ್ದುವ ಮುಂಚೆ ಪ್ರತಿ ಸಲವೂ ಹಿಟ್ಟನ್ನು ತಳದಿಂದ ಕದಡುತ್ತಾರೆಯೇ? ಅಕ್ಕಿಹಿಟ್ಟು ಎರಡು ನಿಮಿಷದಲ್ಲಿ ತಳಕ್ಕೆ ಇಳಿದು ಕೂರುತ್ತದೆ. ಕದಡದೆ ಹೊಯ್ದರೆ ಮೇಲಿನ ನೀರು ಮೊದಲು ಬಂದು ದೋಸೆ ಹರಿದುಹೋಗುತ್ತದೆ, ಪಾತ್ರೆಯ ತಳದ್ದು ದಪ್ಪಗೆ ಮೆತ್ತುತ್ತದೆ. ಒಂದೇ ತಟ್ಟೆಯಲ್ಲಿ ಒಂದು ದೋಸೆ ಬಟ್ಟೆಯಂತೆ, ಇನ್ನೊಂದು ಹಲಗೆಯಂತೆ ಬಂದರೆ ಕಾರಣ ಇದೇ. ರಜಾದಿನದ ಗದ್ದಲದಲ್ಲಿ ಮೊದಲು ತಪ್ಪುವುದೂ ಇದೇ.

ಇನ್ನೊಂದು ದೋಷ ಪೇರಿಸಿಡುವುದರಿಂದ ಬರುತ್ತದೆ. ಬಿಸಿ ದೋಸೆಗಳನ್ನು ಒಂದರ ಮೇಲೊಂದು ಇಟ್ಟರೆ ಹಬೆಗೆ ಬೆವತು ಅಂಟಿಕೊಳ್ಳುತ್ತವೆ, ಬಿಡಿಸಲು ಹೋದರೆ ಚಿಂದಿಯಾಗುತ್ತವೆ. ಆದ್ದರಿಂದ ನಾಲ್ಕು ಜನ ಇದ್ದರೂ ಎಲ್ಲವನ್ನೂ ಒಟ್ಟಿಗೆ ಹೇಳಬೇಡಿ. ತಲೆಗೆ ಎರಡರಂತೆ ಹೇಳಿ, ಅದು ಮುಗಿಯುವ ಹೊತ್ತಿಗೆ ಮತ್ತೆರಡು ಹೇಳಿ. 'ಕಾವಲಿಯಿಂದ ನೇರ ಕೊಡಿ' ಎಂದು ಕೇಳುವುದಕ್ಕೆ ಸಂಕೋಚ ಬೇಡ. ಇದನ್ನು ಕಟ್ಟಿಸಿಕೊಂಡು ಹೋಗುವುದಂತೂ ದುಡ್ಡು ದಂಡ. ಘಾಟಿಯ ಅರ್ಧ ದಾರಿಯಲ್ಲೇ ಅದು ಮುದ್ದೆಯಾಗಿರುತ್ತದೆ.

ಜೊತೆಗೆ ಏನು? ಸಸ್ಯಾಹಾರಿಗಳು ಕಾಯಿಚಟ್ನಿ ಕೇಳಿ, ಸಾಂಬಾರ್ ಬೇಡ. ಬೇಳೆಯ ಸಾಂಬಾರ್‌ನಲ್ಲಿ ಅದ್ದಿದರೆ ನೀರುದೋಸೆಯ ಮೃದು ರುಚಿ ಮುಳುಗಿಹೋಗುತ್ತದೆ. ಚಟ್ನಿ ಗಟ್ಟಿಯಾಗಿ, ಅಂದೇ ರುಬ್ಬಿದ್ದಾಗಿರಬೇಕು; ನೀರು ಒಂದು ಕಡೆ ಕಾಯಿ ಒಂದು ಕಡೆ ಒಡೆದಿದ್ದರೆ ಅದನ್ನು ಬಹಳ ಹೊತ್ತು ಮುಂಚೆಯೇ ರುಬ್ಬಿಟ್ಟಿದ್ದಾರೆ. ಕಾಯಿಬೆಲ್ಲ ಇದೆಯೇ ಎಂದು ಕೇಳಿ ನೋಡಿ, ಇದ್ದರೆ ಕೊನೆಯ ದೋಸೆಯನ್ನು ಅದಕ್ಕೇ ಮೀಸಲಿಡಿ. ಮಾಂಸಾಹಾರಿಗಳಿಗೆ ಕಾಯಿ ಹಾಕಿದ ಕೋಳಿ ಸಾರು, ಅದೂ ತೆಳ್ಳಗಿನದು. ಗಟ್ಟಿ ಗ್ರೇವಿಯನ್ನು ಹೀರಿಕೊಳ್ಳುವ ಶಕ್ತಿ ಈ ದೋಸೆಗಿಲ್ಲ.

ಕಡುಬಿನ ಲೆಕ್ಕ ಬೇರೆ. ಅಕ್ಕಿ ತರಿಯನ್ನು ಎರಡು ಪಾಲು ನೀರಿನಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಒದ್ದೆ ಕೈಯಲ್ಲಿ ನಾದಿ ಉಂಡೆ ಕಟ್ಟಿ, ಇಪ್ಪತ್ತು ನಿಮಿಷ ಹಬೆಯಲ್ಲಿಡುತ್ತಾರೆ. ಆರಿದ ಮೇಲೆ ಉಂಡೆ ಕಟ್ಟಿದರೆ ಬಿರುಕು ಬಿಡುತ್ತದೆ. ಬೆಳಗಿನ ಕಡುಬನ್ನು ಮತ್ತೆ ಹಬೆಗೆ ಏರಿಸಿದರೆ ಹೊರಗೆ ಅಂಟು, ಒಳಗೆ ಗಟ್ಟಿ. ಮುರಿದಾಗ ಒಳಗಿಂದ ಹಬೆ ಬರಬೇಕು, ತರಿ ಬಿಡಿಬಿಡಿಯಾಗಿ ಕಾಣಬೇಕು. ಇದನ್ನು ಬೆಳಗಿನ ತಿಂಡಿಯ ಹೊತ್ತಲ್ಲೇ ತಿನ್ನಿ.

ರೊಟ್ಟಿಯಲ್ಲಿ ಹೊರಗಿನವರು ಮೋಸ ಹೋಗುವುದು ಹೆಸರಿನಿಂದ. ಹಾಸನದ ಕಡೆ ಅಕ್ಕಿರೊಟ್ಟಿ ಎಂದರೆ ಸಾಮಾನ್ಯವಾಗಿ ಈರುಳ್ಳಿ, ಸಬ್ಬಸಿಗೆ, ಹಸಿಮೆಣಸು ಕಲಸಿ ಕಾವಲಿ ಮೇಲೆ ತಟ್ಟಿದ್ದು. ಮೂಡಿಗೆರೆ ಕಡೆ ಅಕ್ಕಿರೊಟ್ಟಿ ಎಂದರೆ ಬಿಳಿಯದು: ಕುದಿನೀರಿನಲ್ಲಿ ಬೇಯಿಸಿದ ಹಿಟ್ಟನ್ನೋ ಅನ್ನ ಸೇರಿಸಿ ನಾದಿದ ಹಿಟ್ಟನ್ನೋ ಲಟ್ಟಿಸಿ ಕೆಂಡದ ಮೇಲೆ ಉಬ್ಬಿಸಿದ್ದು. ಮೊದಲನೆಯದಕ್ಕೆ ಚಟ್ನಿ ಸಾಕು, ಎರಡನೆಯದಕ್ಕೆ ಸಾರೋ ಎಣ್ಣೆಗಾಯಿಯೋ ಇರಲೇಬೇಕು. ಯಾವುದು ಎಂದು ಕೇಳಿಕೊಂಡು ಹೇಳಿ.

ಮಳೆಗಾಲದಲ್ಲಿ ಬಂದವರಿಗೆ ಅದೃಷ್ಟವಿದ್ದರೆ ಕೆಸುವಿನೆಲೆಯ ಪತ್ರೊಡೆ, ಎಳೆ ಬಿದಿರಿನ ಕಳಲೆ ಪಲ್ಯ ಸಿಗುತ್ತವೆ. ಬೋರ್ಡಿನಲ್ಲಿ ಬರೆದಿರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಪತ್ರೊಡೆ ತಿಂದು ಗಂಟಲು ಕೆರೆದರೆ ಹುಣಸೆಹಣ್ಣು ಕಡಿಮೆಯಾಗಿದೆ, ಇಲ್ಲವೇ ಎಲೆ ಸಾಕಷ್ಟು ಬೆಂದಿಲ್ಲ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿಡಬೇಕು. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶ ಇರುವುದರಿಂದ ಇದು ಬರೀ ರುಚಿಯ ಮಾತಲ್ಲ. ಕಹಿ ಉಳಿದ ಕಳಲೆಯನ್ನು ತಟ್ಟೆಯಲ್ಲೇ ಬಿಟ್ಟುಬಿಡಿ.

ಕಾಫಿ ಬಗ್ಗೆ ನೇರವಾಗಿ ಹೇಳಬೇಕು. ತೋಟಗಳ ನಡುವೆ ಇದ್ದ ಮಾತ್ರಕ್ಕೆ ಒಳ್ಳೆಯ ಕಾಫಿ ಸಿಗುತ್ತದೆ ಎಂದೇನಿಲ್ಲ. ಬೆಳಿಗ್ಗೆ ಇಳಿಸಿದ ಡಿಕಾಕ್ಷನ್ ಸಂಜೆವರೆಗೆ ಒಲೆಯ ಪಕ್ಕ ಬೇಯುತ್ತಿದ್ದರೆ ಸುಟ್ಟ ಕಹಿಯೊಂದೇ ಉಳಿಯುತ್ತದೆ, ಅದನ್ನು ಮುಚ್ಚಲು ಸಕ್ಕರೆ ಸುರಿಯುತ್ತಾರೆ. 'ಸಕ್ಕರೆ ಬೇರೆ ಕೊಡಿ' ಎಂದರೆ ಡಿಕಾಕ್ಷನ್‌ನ ಬಣ್ಣ ಬಯಲಾಗುತ್ತದೆ. ಪುಡಿ ಕೊಳ್ಳುವವರು ಪೊಟ್ಟಣದ ಹಿಂಭಾಗ ಓದಿ: ಕಾಫಿ, ಚಿಕೋರಿ ಎಷ್ಟೆಷ್ಟು ಎಂದು ಮುದ್ರಿಸಲೇಬೇಕು, ಚಿಕೋರಿ ಶೇಕಡಾ 49 ಮೀರುವಂತಿಲ್ಲ. ಆ ಅಂಚಿಗೆ ಹತ್ತಿರ ಇರುವುದನ್ನು ಇಷ್ಟು ದೂರ ಬಂದು ಕೊಳ್ಳಬೇಕಿಲ್ಲ. 80:20 ಅಥವಾ ಅಪ್ಪಟ ಕಾಫಿ ಕೇಳಿ, ಕಣ್ಣೆದುರೇ ಹುರಿದು ಬೀಸುವ ಅಂಗಡಿಯಾದರೆ ಇನ್ನೂ ಒಳ್ಳೆಯದು, ಎರಡು ವಾರಕ್ಕೆ ಸಾಕಾಗುವಷ್ಟೇ ಕೊಳ್ಳಿ.

ಹೋಗಲು ಸರಿಯಾದ ಹೊತ್ತು ಬೆಳಿಗ್ಗೆ ಎಂಟರ ಆಸುಪಾಸು, ವಾರದ ಮಧ್ಯದ ದಿನ. ಚಿಕ್ಕಮಗಳೂರಿನಿಂದ ಸುಮಾರು 50 ಕಿಲೋಮೀಟರ್, ತಿರುವಿನ ರಸ್ತೆಯಾದ್ದರಿಂದ ಒಂದೂವರೆ ಗಂಟೆ ಇಟ್ಟುಕೊಳ್ಳಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ಇಳಿಯುವ ಯೋಚನೆ ಇದ್ದರೆ ಸಂಚಾರ ನಿರ್ಬಂಧ ಇದೆಯೇ ಎಂದು ಮೂಡಿಗೆರೆಯಲ್ಲೇ ವಿಚಾರಿಸಿ. ನೀರುದೋಸೆಗೆ ಮಾತ್ರ ಘಾಟಿ ಇಳಿಯಬೇಕಾಗಿಲ್ಲ, ತಿಂದು ಅಲ್ಲಿಂದಲೇ ಹಿಂದಿರುಗಬಹುದು.