ಇ-ಎಸ್‌ಸಿಆರ್ ಬಳಸಿ ಎರಡು ವರ್ಷ ದಾಟಿತು: ತಾಲೂಕು ವಕೀಲೆಯೊಬ್ಬಳ ಅನುಭವ

ನಾನು ತಾಲೂಕು ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವವಳು. ಬರುವುದರಲ್ಲಿ ಜಾಸ್ತಿ ಪಾಲಿನ ದಾವೆಗಳೇ. ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳನ್ನು ಪುಕ್ಕಟೆಯಾಗಿ ಕೊಡುವ ಇ-ಎಸ್‌ಸಿಆರ್ ಎಂಬ ಅಂತರ್ಜಾಲ ತಾಣ ಶುರುವಾಗಿದ್ದು 2023ರ ಜನವರಿಯಲ್ಲಿ, ಸುಮಾರು 34,000 ತೀರ್ಪುಗಳೊಂದಿಗೆ. ಆ ವರ್ಷದ ಬೇಸಿಗೆ ರಜೆಯಿಂದ ನಾನು ಬಳಸುತ್ತಿದ್ದೇನೆ. ಅದಕ್ಕೂ ಮೊದಲು ಒಂದು ತೀರ್ಪು ಪೂರ್ತಿ ಓದಬೇಕೆಂದರೆ ಬಸ್ಸು ಹತ್ತಿ ಜಿಲ್ಲಾ ವಕೀಲರ ಸಂಘದ ಲೈಬ್ರರಿಗೆ ಹೋಗಬೇಕಿತ್ತು.

ಇದರ ಬೆಲೆ ನನಗೆ ತಿಳಿದದ್ದು ಒಬ್ಬ ಅಕ್ಕನ ಕೇಸಿನಲ್ಲಿ. ಅವರ ಮದುವೆ 1988ರಲ್ಲಿ ಆಗಿತ್ತು, ಅಪ್ಪ ತೀರಿಕೊಂಡಿದ್ದು 2001ರಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ಕರ್ನಾಟಕ ತಿದ್ದುಪಡಿ ಹೆಣ್ಣುಮಕ್ಕಳಿಗೂ ಕುಟುಂಬದ ಆಸ್ತಿಯಲ್ಲಿ ಪಾಲು ಕೊಟ್ಟರೂ, ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಹಾಗಾಗಿ ಅದೇ ಕಾಯ್ದೆಗೆ ಬಂದ 2005ರ ಕೇಂದ್ರ ತಿದ್ದುಪಡಿಯೇ ಅವರಿಗೆ ಆಸರೆ. ತಮ್ಮಂದಿರದ್ದು ಒಂದೇ ಮಾತು: 1998ರಲ್ಲೇ ಬಾಯಿಮಾತಿನಲ್ಲಿ ಪಾಲಾಗಿದೆ. "ವಕೀಲ್ರೇ, ಪಾಲು ಆಗಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ?" ಅಂತ ಅವರು ಕೇಳುತ್ತಿದ್ದರು.

ನಾನು ಆಗ ಹಣ ಕಟ್ಟಿ ತರಿಸಿಕೊಳ್ಳುತ್ತಿದ್ದ ಒಂದು ಸೇವೆಯ ಎರಡು ಸಾಲಿನ ಸಾರಾಂಶ ನಂಬಿದ್ದೆ. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ಪ್ರಕಾರ ಬಾಯಿಮಾತಿನ ವಿಭಾಗ ಒಪ್ಪುವ ಹಾಗೇ ಇಲ್ಲ ಅಂತ ಅದರಲ್ಲಿತ್ತು. ಅದನ್ನೇ ವಾದಿಸಿದೆ. ನ್ಯಾಯಾಧೀಶರು ತಲೆ ಎತ್ತಿ, "ಆ ಪ್ಯಾರಾ ಪೂರ್ತಿ ಓದಿದ್ದೀರಾ?" ಎಂದರು. ಓದಿರಲಿಲ್ಲ.

ರಾತ್ರಿ ಕೂತು ಇ-ಎಸ್‌ಸಿಆರ್‌ನಲ್ಲಿ ತೀರ್ಪು ತೆಗೆದೆ. ಕೊನೆಯ ಭಾಗದಲ್ಲಿ ಪೀಠ ಒಂದೊಂದಾಗಿ ಉತ್ತರ ಕೊಡುತ್ತದೆ. ಮಗಳಿಗೆ ಹುಟ್ಟಿನಿಂದಲೇ ಹಕ್ಕು. ಕೇಂದ್ರ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ಕ್ಕೆ ಅಪ್ಪ ಬದುಕಿರಲೇಬೇಕು ಅಂತಿಲ್ಲ. ಬಾಯಿಮಾತಿನ ವಿಭಾಗದ ಬಗ್ಗೆ ಮಾತ್ರ ಒಂದು ಬಾಗಿಲು ಬಿಟ್ಟಿದ್ದಾರೆ: ಸಾರ್ವಜನಿಕ ದಾಖಲೆಗಳ ಗಟ್ಟಿ ಬೆಂಬಲ ಇದ್ದರೆ ಅಪರೂಪಕ್ಕೆ ಒಪ್ಪಬಹುದು, ಬರೀ ಬಾಯಿಸಾಕ್ಷಿ ಸಾಲದು. ಮರುದಿನವೇ ಪಹಣಿ, ಮ್ಯುಟೇಶನ್ ಎಲ್ಲ ತರಿಸಿದೆ. 1998ರ ನಂತರವೂ ಪಹಣಿಯಲ್ಲಿ ಎಲ್ಲರ ಹೆಸರು ಜಂಟಿಯಾಗೇ ಇತ್ತು! ನಮ್ಮ ವಾದ ಮೊದಲಿಗಿಂತ ಗಟ್ಟಿಯಾಯಿತು.

ಈ ತೀರ್ಪಿನ ಹಿಂದಿನ ಎಳೆಗಳೂ ಅಲ್ಲೇ ಸಿಗುತ್ತವೆ. 2015ರ ಪ್ರಕಾಶ್ ವಿರುದ್ಧ ಫೂಲವತಿ, 2018ರ ದಾನಮ್ಮ ವಿರುದ್ಧ ಅಮರ್. ಎರಡೂ ನಮ್ಮ ಕರ್ನಾಟಕದಿಂದ ಹೋದ ಕೇಸುಗಳು. ಮೊದಲನೆಯದು 2005ರ ತಿದ್ದುಪಡಿ ಜಾರಿಯಾದ ದಿನ ಅಪ್ಪ, ಮಗಳು ಇಬ್ಬರೂ ಬದುಕಿರಬೇಕು ಅಂದಿತ್ತು. ಎರಡನೆಯದರಲ್ಲಿ ಅಪ್ಪ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಈ ಗೊಂದಲ ಬಿಡಿಸಿದ್ದು ವಿನೀತಾ ಶರ್ಮಾದ ಮೂವರು ನ್ಯಾಯಮೂರ್ತಿಗಳ ಪೀಠ. ಮೂರನ್ನೂ ಸಾಲಾಗಿ ಓದಿದರೆ ಕೋರ್ಟು ಹೇಗೆ ಯೋಚಿಸಿತು ಅಂತ ಕಣ್ಣಿಗೆ ಕಟ್ಟುತ್ತದೆ. ಜೂನಿಯರ್‌ಗಳಿಗೆ ನಾನು ಇದನ್ನೇ ಮೊದಲು ಓದಿಸುತ್ತೇನೆ.

ಕನ್ನಡಕ್ಕೆ ಬಂದ ತೀರ್ಪುಗಳೂ ಅಲ್ಲಿವೆ. ಎಲ್ಲವೂ ಬಂದಿಲ್ಲ, ಇನ್ನೂ ಬಹಳ ಬರಬೇಕು. ಕಕ್ಷಿದಾರರು ತಾವೇ ಓದಿ ಪ್ರಶ್ನೆ ಕೇಳುತ್ತಾರೆ, ನನಗೆ ಅದೇ ಖುಷಿ. ಆದರೆ ಕೋರ್ಟಿನಲ್ಲಿ ಆಧಾರವಾಗಿ ನಿಲ್ಲುವುದು ಇಂಗ್ಲಿಷ್ ಪ್ರತಿಯೇ, ಅದನ್ನು ಮರೆಯಬೇಡಿ. ಇನ್ನು ನಮ್ಮ ಹೈಕೋರ್ಟಿನ ತೀರ್ಪು ಇಲ್ಲಿ ಸಿಗುವುದಿಲ್ಲ, ಅದಕ್ಕೆ ಹೈಕೋರ್ಟಿನ ತಾಣ ನೋಡಬಹುದು.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಇಲ್ಲಿಯ ಪ್ರತಿಯಲ್ಲೂ ಮೇಲ್ಗಡೆ ಹೆಡ್‌ನೋಟ್, ಅಂದರೆ ತೀರ್ಪಿನ ಸಾರಾಂಶ, ಇರುತ್ತದೆ. ಅದು ತೀರ್ಪಿನ ಭಾಗವಲ್ಲ. ಸುಮ್ನೆ ಅಲ್ಲಿಗೇ ನಿಲ್ಲಿಸಬೇಡಿ, ಕೆಳಗೆ ಇಳಿದು ಪ್ಯಾರಾ ನಂಬರ್ ಸಮೇತ ಗುರುತು ಹಾಕಿಕೊಳ್ಳಿ.

ಆ ಅಕ್ಕನ ದಾವೆ ಇನ್ನೂ ನಡೆಯುತ್ತಿದೆ. ಆ ಪ್ಯಾರಾದ ಪ್ರಿಂಟು ಪಹಣಿ ಪ್ರತಿಗಳ ಜೊತೆ ಫೈಲಿನ ಮೇಲೇ ಇದೆ.