ಹಸುವಿನ ಕ್ಷೇಮ ತಿಳಿಯಲು: ನಡಿಗೆಯ ಅಂಕವೋ, ಕಾಲಿನ ಸಂವೇದಕವೋ?

ಹಸು ಕುಂಟುತ್ತಿದೆಯೇ ಎಂದು ತಿಳಿಯಲು, ಅದರ ನಡಿಗೆಯನ್ನು ನೋಡಿ ಅಂಕ ಕೊಡುವ ಪದ್ಧತಿಯನ್ನು ಆರಿಸಬೇಕೋ, ಕಾಲಿಗೆ ಕಟ್ಟುವ ಚಲನ ಸಂವೇದಕವನ್ನೋ ಎಂಬುದು ಹಿಂಡಿನ ಗಾತ್ರ ಮತ್ತು ನೋಡುವವರ ಅನುಭವವನ್ನು ಅವಲಂಬಿಸಿದೆ.

ಖರ್ಚಿನಲ್ಲಿ ಅಂಕ ಪದ್ಧತಿಯೇ ಹಗುರ. ಅದಕ್ಕೆ ತರಬೇತಿ ಮತ್ತು ಸಮಯ ಸಾಕು, ಸಂವೇದಕವಾದರೋ ಪ್ರತಿ ಹಸುವಿಗೂ ಬೇಕು.

ನಿಖರತೆಯ ವಿಷಯ ಅಷ್ಟು ಸುಲಭವಲ್ಲ. 1997ರಲ್ಲಿ ಪ್ರಕಟವಾದ, 1ರಿಂದ (ಸರಿಯಾದ ನಡಿಗೆ) 5ರವರೆಗಿನ (ತೀವ್ರ ಕುಂಟು) ಪ್ರಸಿದ್ಧ ಮಾಪನದ ಪ್ರಕಾರ, ನಿಂತಾಗ ನೇರವಾಗಿರುವ ಬೆನ್ನು ನಡೆಯುವಾಗ ಕಮಾನಿನಂತೆ ಬಾಗಿದರೆ 2, ನಿಂತಾಗಲೂ ಬಾಗಿದ್ದು ಹೆಜ್ಜೆ ಗಿಡ್ಡವಾದರೆ 3. ಪಳಗಿದ ಕಣ್ಣಿಗೆ ಇದು ಕಾಣುತ್ತದೆ. ಆದರೆ ಜಾರುವ ನೆಲದಲ್ಲಿ ಆರೋಗ್ಯವಂತ ಹಸುವೂ ಅಳುಕಿ ನಡೆಯುತ್ತದೆ, ಇಬ್ಬರು ನೋಡುಗರು ಒಂದೇ ಹಸುವಿಗೆ ಬೇರೆ ಬೇರೆ ಅಂಕ ಕೊಡುವುದೂ ಉಂಟು. ಇದಲ್ಲದೆ, ಅಪರಿಚಿತರೆದುರು ಹಸು ನೋವನ್ನು ಮರೆಮಾಚಬಲ್ಲದು.

ಸಂವೇದಕಕ್ಕೆ ಈ ತೊಡಕಿಲ್ಲ. ಸಾಮಾನ್ಯವಾಗಿ ದಿನಕ್ಕೆ 10ರಿಂದ 12 ಗಂಟೆ ಮಲಗುವ ಹಾಲಿನ ಹಸುವಿನ ವರ್ತನೆ ಬದಲಾದರೆ ಅದು ಹಗಲಿರುಳೂ ದಾಖಲಿಸುತ್ತದೆ. ಕಾರಣವನ್ನು ಮಾತ್ರ ಹೇಳದು: ಒದ್ದೆ ಹಾಸು, ಬೆದೆ, ಹೆರಿಗೆ ಎಲ್ಲವೂ ಆ ಲೆಕ್ಕವನ್ನು ಏರುಪೇರು ಮಾಡುತ್ತವೆ.

ಆದ್ದರಿಂದ ಪ್ರತಿ ಹಸುವನ್ನೂ ದಿನವೂ ನೋಡಬಲ್ಲವರಿಗೆ ಅಂಕ ಪದ್ಧತಿಯೇ ಒಪ್ಪುತ್ತದೆ. ನೂರಾರು ಹಸುಗಳಿದ್ದು ಕೆಲಸಗಾರರು ಕಡಿಮೆಯಿದ್ದರೆ ಸಂವೇದಕದ ಎಚ್ಚರಿಕೆ ಬಂದ ಹಸುಗಳನ್ನಷ್ಟೇ ಸಮತಟ್ಟಾದ, ಜಾರದ ನೆಲದಲ್ಲಿ ನಡೆಸಿ ನೋಡುವುದು ಮೇಲು.